ಹಿಡಿ ತೌಡಿಗೆ ಮಾರಿದ ಮಗಳು

ನನ್ನನ್ನು ಕಣ್ಣಿನ ಡಾಕ್ಟರಲ್ಲಿಗೆ ಕರೆದೊಯ್ಯಲು ಇಂದು ಬೆಳಿಗ್ಗೆ ಮಗಳು ವಿಮಲ ವಿಜಯನಗರದಿಂದ ಬಂದಿದ್ದಳು. ಆಟೋ ಸಿಗುವ ತನಕ ನಾಲ್ಕು ಹೆಜ್ಜೆ ನಡೆಯೋಣವೆಂದು ಮೈಸೂರಿನ ಕುಂಬಾರಕೊಪ್ಪಲಿನ ನಮ್ಮ ಬೀದಿಯಲ್ಲಿ ಹೊರಟೆವು. ತಿರುವಿನ ಅಕ್ಕಿ ಗಿರಣಿಯಿಂದ ಬಿಸಿ ತೌಡಿನ ವಾಸನೆ ಬಂತು, ನಾನು ನಿಂತುಬಿಟ್ಟೆ. ಈ ವಯಸ್ಸಿನಲ್ಲಿ ಎಲ್ಲಿ ನಿಂತರೂ ಜನ ಮಂಡಿನೋವೆಂದೇ ತಿಳಿಯುತ್ತಾರೆ, ಅದೊಂದು ಅನುಕೂಲ. ಗಿರಣಿಯವನು "ಕೂತ್ಕೊಳಿ ಯಜಮಾನ್ರೇ" ಎಂದು ಸ್ಟೂಲು ತಂದಿಟ್ಟ. ವಿಮಲ ಆಟೋ ಹುಡುಕಲು ಮುಂದೆ ಹೋದಳು.

ನಿಮಗೆ ತೌಡೆಂದರೆ ದನದ ಮೇವು. ನನಗೆ ಆ ವಾಸನೆ ಬಂದರೆ ಸುಗುಣಮ್ಮನವರನ್ನು ನೋಡಬೇಕೆನಿಸುತ್ತದೆ. ಈಗಲೇ, ಈ ಗಳಿಗೆಯಲ್ಲೇ ನೋಡಬೇಕೆನಿಸುತ್ತದೆ. ಹೆರಿಗೆ ಆಸ್ಪತ್ರೆಯ ನರ್ಸಿಗೂ ತೌಡಿಗೂ ಏನು ಸಂಬಂಧ ಎನ್ನುತ್ತೀರಾ? ಹೇಳುತ್ತೇನೆ, ಆಟೋ ಬರುವುದು ಹೇಗೂ ತಡ.

ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾಗಿದ್ದವು. ನಾನು ಪೇಟೆಯ ಅಚ್ಚುಕೂಟವೊಂದರಲ್ಲಿ ಮೊಳೆ ಜೋಡಿಸುತ್ತಿದ್ದೆ. ಮೊಳೆಯೆಂದರೆ ಗೋಡೆಗೆ ಹೊಡೆಯುವುದಲ್ಲ, ಸೀಸದ ಅಚ್ಚಿನಕ್ಷರ. ದಿನವಿಡೀ ದೊಡ್ಡವರ ಭಾಷಣಗಳನ್ನು ತಿರುಗುಮುರುಗಾಗಿ ಓದಿ ಓದಿ ನಾನೂ ವಿಚಾರವಂತನಾಗಿದ್ದೇನೆಂದು ನಂಬಿದ್ದೆ. ಮನೆಯಲ್ಲಿ ನಮ್ಮವ್ವನಿಗೆ ಒಂದೆರಡು ಎಮ್ಮೆ, ಲೆಕ್ಕವಿಲ್ಲದಷ್ಟು ದೇವರು. ನನ್ನ ವಿಚಾರವನ್ನೆಲ್ಲ ಚಪ್ಪಲಿಯ ಜೊತೆ ಹೊಸಿಲಾಚೆ ಬಿಟ್ಟೇ ಒಳಗೆ ಹೋಗಬೇಕಾಗಿತ್ತು.

ನನ್ನ ಹೆಂಡತಿ ಚನ್ನಾಜಮ್ಮನ ಮೊದಲೆರಡು ಕೂಸುಗಳು ಉಳಿಯಲಿಲ್ಲ. ಒಂದು ಹುಟ್ಟಿದ ದಿನವೇ ಹೋಯಿತು. ಇನ್ನೊಂದು ನಮ್ಮನ್ನೆಲ್ಲ ಗುರುತು ಹಿಡಿದು ನಗುವಷ್ಟಾಗಿ, ಆಮೇಲೆ ಜ್ವರಕ್ಕೆ ಹೋಯಿತು. ಮೂರನೆಯದಕ್ಕೆ ಅವಳು ಏನನ್ನೂ ಅಣಿ ಮಾಡಲಿಲ್ಲ. ಹಳೆ ಸೀರೆ ಹರಿದು ಕೂಸಿನ ಬಟ್ಟೆ ಮಾಡಲಿಲ್ಲ, ಅಟ್ಟದ ಮೇಲಿನ ತೊಟ್ಟಿಲನ್ನು ಇಳಿಸಗೊಡಲಿಲ್ಲ. ಬಾಯಿಗೆ ಏನು ಬೇಕು ಎಂದು ಕೇಳಿದರೆ "ಏನೂ ಬ್ಯಾಡ ಬುಡಿ" ಎನ್ನುವಳು. ಈ ಸಲ ಆಸ್ಪತ್ರೆಯಲ್ಲೇ ಹೆರಿಗೆಯಾಗಲಿ ಎಂದು ನಾನು ಹಟ ಹಿಡಿದು ಸೇರಿಸಿದೆ.

ಹೆರಿಗೆ ಸುಸೂತ್ರವಾಯಿತು, ಹೆಣ್ಣು ಮಗು. ಆದರೆ ಗೋಡೆಯ ಕಡೆ ತಿರುಗಿ ಮಲಗಿದ ಚನ್ನಾಜಿ ಮಗುವಿನ ಮುಖವನ್ನೇ ನೋಡಲೊಲ್ಲಳು. ಪಕ್ಕದಲ್ಲಿ ಮಲಗಿಸಿದರೆ ಸರಿದುಕೊಳ್ಳುವಳು. ಎದೆಗೆ ಹಾಕಿಕೊಳ್ಳುವ ಮಾತೇ ಇಲ್ಲ. ಡಾಕ್ಟರಮ್ಮ ಗದರಿದರು, ಅವ್ವ ಬೇಡಿಕೊಂಡಳು, ನಾನು ಬಾಗಿಲಲ್ಲಿ ನಿಂತು ಕೆಮ್ಮಿದೆ. ಹೆರಿಗೆ ವಾರ್ಡಿನಲ್ಲಿ ಆ ಕಾಲದ ಗಂಡಸರಿಗೆ ತಿಳಿದಿದ್ದ ಕೆಲಸ ಅದೊಂದೇ.

ಗದರದೆ ಇದ್ದವರು ಆ ವಾರ್ಡಿನ ನರ್ಸು ಸುಗುಣಮ್ಮ ಒಬ್ಬರೇ. ನಡುವಯಸ್ಸಿನ, ಕಪ್ಪಗೆ ಗಟ್ಟಿಮುಟ್ಟಾದ ಹೆಂಗಸು, ಮದುವೆಯಾಗಿರಲಿಲ್ಲ. ಗಂಜಿ ಹಾಕಿದ ಬಿಳಿ ಸೀರೆಯ ಸರಬರ ಸದ್ದು ಮಾಡಿಕೊಂಡು ಬರುವರು. ಹತ್ತಿಯನ್ನು ಸಕ್ಕರೆ ನೀರಿನಲ್ಲಿ ಅದ್ದಿ ಮಗುವಿನ ತುಟಿಗೆ ಹಿಂಡುವರು. ಒಂದು ಮಾತೂ ಆಡದೆ ಚನ್ನಾಜಿಯ ಬೆನ್ನು ನೀವಿ ಹೋಗುವರು. ಮಗುವಿನ ಅಳು ಸಣ್ಣದಾಗುತ್ತಾ ಬಂದಿತ್ತು. "ತಾಯಿ ಹಾಲು ಬೇಕೇ ಬೇಕು. ಹೀಗೇ ಆದ್ರೆ ಮಗು ತಡೆಯಲ್ಲ ಕಣಪ್ಪಾ" ಎಂದು ನನ್ನನ್ನು ಹೊರಗೆ ಕರೆದು ಹೇಳಿದರು. ನನಗೆ ಕೆಮ್ಮಲೂ ಆಗಲಿಲ್ಲ.

ನಮ್ಮ ಜನರಲ್ಲಿ ಒಂದು ಪದ್ಧತಿಯಿತ್ತು. ಕೂಸುಗಳು ಉಳಿಯದ ಮನೆಯಲ್ಲಿ ಮುಂದಿನ ಕೂಸನ್ನು ಮೊರದಲ್ಲಿ ಮಲಗಿಸಿ, ಮಕ್ಕಳೊಂದಿಗಳಾದ ಯಾರಿಗಾದರೂ ಹಿಡಿ ತೌಡಿಗೆ ಮಾರಿಬಿಡುವುದು. ಅಲ್ಲಿಂದ ಮಗು ಕೊಂಡವಳದು. ಹೆತ್ತವಳು ಬರೀ ಸಾಕುವವಳು. ಹುಡುಕಿಕೊಂಡು ಬಂದ ವಿಧಿಗೆ ಆ ತಾಯಿಯ ಮಗುವೇ ಸಿಗಬಾರದು, ಹಾಗೆ. ಮಗು ನಡೆಯುವಂತಾದ ಮೇಲೆ ಕೊಂಡವಳಿಗೆ ಸೀರೆ ಕುಪ್ಪಸ ಕೊಟ್ಟು ಬಿಡಿಸಿಕೊಂಡು ಬರಬೇಕು.

ಆ ಮಧ್ಯಾಹ್ನ ಅವ್ವ ಮೊರವನ್ನು ಸೆರಗಿನಡಿ ಅಡಗಿಸಿ, ತೌಡನ್ನು ಮಡಿಲಿಗೆ ಕಟ್ಟಿಕೊಂಡು ವಾರ್ಡಿಗೆ ಬಂದಳು. ಕೊಳ್ಳಲು ಒಪ್ಪಿದ್ದ ನೆರೆಮನೆಯಾಕೆಯನ್ನು ಗೇಟಿನವನು ಒಳಗೆ ಬಿಟ್ಟಿರಲಿಲ್ಲ. ಅವ್ವ ಏನು ಮಾಡಲೂ ತೋಚದೆ ಮೊರ ಹಿಡಿದು ನಿಂತಿದ್ದಾಗ ಸುಗುಣಮ್ಮ ಬಂದರು. ನನಗೋ ಭೂಮಿ ಬಾಯ್ಬಿಡಬಾರದೇ ಎನಿಸಿತು. "ಹಳೇ ಕಾಲದವರು, ಏನೋ ನಂಬಿಕೆ..." ಎಂದು ತೊದಲಿದೆ. ಅವರು ನನ್ನ ಕಡೆ ನೋಡಲೂ ಇಲ್ಲ. ಅವ್ವನ ಬಾಯಿಂದ ಎಲ್ಲವನ್ನೂ ಕೇಳಿಸಿಕೊಂಡರು.

"ನಾನು ಕೊಂಡ್ಕೋಬಹುದಾ ಅಮ್ಮಾ?" ಎಂದರು.

ಅವ್ವ ಅನುಮಾನಿಸಿದಳು. "ನಿಮ್ಗೆ ಮಕ್ಳಿಲ್ವಲ್ಲಾ ನರ್ಸಮ್ಮಾ. ಮಕ್ಕಳೊಂದಿಗಳೇ ಆಗ್ಬೇಕು ಕಣವ್ವಾ."

"ಈ ವಾರ್ಡಲ್ಲಿ ಹುಟ್ಟೋ ಮಕ್ಕಳನ್ನೆಲ್ಲ ಮೊದಲು ಎತ್ಕೊಳ್ಳೋಳು ನಾನೇ ಅಲ್ವೇನಮ್ಮಾ? ನನಗಿಂತ ಮಕ್ಕಳೊಂದಿಗಳು ಮೈಸೂರಲ್ಲಿ ಯಾರಿದ್ದಾರೆ?"

ಅವ್ವ ಆ ಮಾತಿಗೆ ಸೋತಳು. ಮಡಿಲು ಬಿಚ್ಚಿ, ತಂದಿದ್ದ ತೌಡನ್ನು ಅವರ ಕೈಗೆ ಸುರಿಯಹೋದಳು. ಸುಗುಣಮ್ಮ ಕೈ ಹಿಂದಕ್ಕೆ ತೆಗೆದುಕೊಂಡರು. "ನಿಮ್ಮ ತೌಡನ್ನೇ ನಿಮಗೆ ಕೊಟ್ರೆ ಅದೆಂಥ ವ್ಯಾಪಾರ? ಮಗು ನಂದು ಹೇಗಾಗುತ್ತೆ? ಸ್ವಲ್ಪ ಇರಿ" ಎಂದು ಸರಸರನೆ ಹೊರಟೇಹೋದರು. ಗಾಬರಿಯಲ್ಲಿ ಅವ್ವನಿಗೆ ಅಷ್ಟು ಸಣ್ಣ ವಿಷಯ ಹೊಳೆದಿರಲಿಲ್ಲ.

ನಾನು ಕಿಟಕಿಯಲ್ಲಿ ಇಣುಕಿದೆ. ಗೇಟಿನಾಚೆ ಜಟಕಾಗಳು ನಿಲ್ಲುವ ಮರದಡಿ ಸುಗುಣಮ್ಮ ಸೆರಗೊಡ್ಡಿ ನಿಂತಿದ್ದರು. ಜಟಕಾದ ಸಾಬರು ಕುದುರೆಯ ಮೂತಿಗೆ ಕಟ್ಟಿದ್ದ ಚೀಲ ಬಿಚ್ಚಿ ಒಂದು ಹಿಡಿ ತೌಡು ಹಾಕಿದರು. ಬಾಯಿಗೆ ಬಂದ ತುತ್ತು ಹೋದ ಕುದುರೆ ಅವರನ್ನೇ ನೋಡುತ್ತಿತ್ತು. ಅಷ್ಟು ಬಿಳಿಯ ಸೀರೆಯ ಸೆರಗಿನಲ್ಲಿ ತೌಡು ಕಟ್ಟಿಕೊಂಡು ಅವರು ಮೆಟ್ಟಿಲು ಹತ್ತಿ ಬಂದದ್ದು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ.

ಅಷ್ಟರಲ್ಲಿ ಅವ್ವ ಮಗುವನ್ನು ಮೊರದಲ್ಲಿ ಮಲಗಿಸಿದ್ದಳು. ವ್ಯಾಪಾರ ಮುಗಿಯಿತು. ಅವರು ತೌಡನ್ನು ಅವ್ವನ ಮಡಿಲಿಗೆ ಹಾಕಿ, ಮೊರದಿಂದ ಮಗುವನ್ನೆತ್ತಿಕೊಂಡು ಮಂಚದ ಬಳಿ ಹೋದರು.

"ಚನ್ನಾಜಮ್ಮಾ, ಈ ಮಗು ಈಗ ನಂದು. ನಿನಗೂ ಇದಕ್ಕೂ ಏನೂ ಇಲ್ಲ. ಆದ್ರೆ ನನಗೆ ಹಾಲಿಲ್ವಲ್ಲಮ್ಮಾ. ನನ್ನ ಮಗೀಗೆ ಸ್ವಲ್ಪ ಹಾಲು ಕೊಡ್ತೀಯಾ?"

ಚನ್ನಾಜಿ ಮೆಲ್ಲಗೆ ಇತ್ತ ತಿರುಗಿದಳು. ತನ್ನದಲ್ಲದ ಮಗುವನ್ನು ನೋಡಲು ಅವಳಿಗೆ ಹೆದರಿಕೆ ಇರಲಿಲ್ಲ. ಕೈ ಚಾಚಿ ತೆಗೆದುಕೊಂಡಳು. ನಾನು ಹೊರಗೆ ಹೋಗಿ ಆ ಜಟಕಾ ಮರದಡಿ ನಿಂತು ಅತ್ತೆ. ಸಾಬರು ಏನಾಯಿತೆಂದು ಕೇಳಿದರು. ಹೆಣ್ಣು ಮಗುವಾಯಿತೆಂದೆ. "ಅದಕ್ಯಾಕ್ ಅಳ್ತೀರಿ, ಲಕ್ಷ್ಮಿ ಬಂದೌಳೆ" ಎಂದು ಸಮಾಧಾನ ಮಾಡಿದರು.

ಮನೆಗೆ ಹೊರಟ ದಿನ ಸುಗುಣಮ್ಮ ಗೇಟಿನ ತನಕ ಬಂದರು. ಮಗುವಿಗೆ ವಿಮಲ ಎಂದು ಹೆಸರಿಟ್ಟವರೂ ಅವರೇ. ಕೊಂಡವರಿಗೆ ಆ ಹಕ್ಕು. "ನಡೆಯೋ ಹಾಗಾದ್ಮೇಲೆ ಕರ್ಕೊಂಡ್ಬನ್ನಿ. ಎತ್ಕೊಂಡು ಬರಬೇಡಿ, ನನ್ನ ಮುಂದೆ ನಡೆಸಿ" ಎಂದರು. ಉಪಕಾರವನ್ನು ಬಾಯಲ್ಲಿ ಹೇಳುವ ಅಭ್ಯಾಸ ನಮಗಿರಲಿಲ್ಲ. ಬಿಡಿಸಿಕೊಳ್ಳಲು ಬಂದಾಗ ಎಲ್ಲ ಹೇಳಿದರಾಯಿತು ಎಂದುಕೊಂಡು ಕೈ ಮುಗಿದೆ.

ಮಗು ನಡೆಯಿತು. ಸೀರೆ ಕುಪ್ಪಸ ತೆಗೆದುಕೊಂಡು ಹೋದರೆ ಅವರಿಗೆ ವರ್ಗವಾಗಿತ್ತು. ನಾನು ನಾಲ್ಕಾರು ಕಡೆ ವಿಚಾರಿಸಿ, ಹಾಸನದ ಕಡೆ ಇದ್ದಾರೆಂದು ತಿಳಿದುಕೊಂಡು, ಭಾನುವಾರ ಹೊರಡೋಣವೆಂದು ಹಿಗ್ಗಿನಿಂದ ಮನೆಗೆ ಬಂದೆ. ಚನ್ನಾಜಿ ರಾಗಿ ಬೀಸುತ್ತಿದ್ದವಳು ಕೈ ನಿಲ್ಲಿಸಿದಳು.

"ಬ್ಯಾಡ ಬುಡಿ. ಬಿಡಿಸ್ಕೊಂಡ್ರೆ ಅವಳು ಬರೀ ನನ್ನೋಳಾಯ್ತಾಳೆ. ನನ್ನವು ಅಂದ್ಕೊಂಡ ಎರಡೂ ಉಳೀಲಿಲ್ಲ. ಅವರ ಮಗ್ಳಾಗೇ ಇರ್ಲಿ."

ಇವತ್ತಲ್ಲ ನಾಳೆ ಅವಳ ಮನಸ್ಸು ಬದಲಾಗುತ್ತದೆಂದು ಕಾದೆ. ಅಷ್ಟರಲ್ಲಿ ಸುಗುಣಮ್ಮ ಅಲ್ಲಿಂದಲೂ ಹೋದರು, ಎಲ್ಲಿಗೆಂದು ಹೇಳುವವರಿಲ್ಲ. ಬಿಡಿಸಿಕೊಳ್ಳದಿದ್ದರೆ ಹೋಗಲಿ, ಒಮ್ಮೆ ಕಂಡು "ನೋಡಿ, ನಡೆಯುತ್ತಾಳೆ" ಎನ್ನಬೇಕೆಂಬ ಆಸೆ ನನಗೆ ಒಳಗೇ ಉಳಿಯಿತು. ಬಸ್ ಸ್ಟ್ಯಾಂಡಿನಲ್ಲಿ, ಮಾರ್ಕೆಟ್ಟಿನಲ್ಲಿ ಗಂಜಿ ಸೀರೆಯ ಸದ್ದಾದರೆ ತಿರುಗಿ ನೋಡುತ್ತಿದ್ದೆ. ಒಮ್ಮೆ ಮಗುವನ್ನೆತ್ತಿಕೊಂಡು ಬಿಳಿ ಸೀರೆಯವರೊಬ್ಬರ ಹಿಂದೆ ಓಡಿದೆ. ಅವರು ಯಾವುದೋ ಶಾಲೆಯ ಹೆಡ್‌ಮಿಸ್ಸು. ಬೀದಿಯಲ್ಲೇ ಕಿವಿ ಹಿಂಡುವುದೊಂದು ಬಾಕಿ.

ಚನ್ನಾಜಿ ಮಾತ್ರ ಸಾಯುವ ತನಕ ಒಂದು ಸಲವೂ ವಿಮಲಳನ್ನು 'ನನ್ನ ಮಗಳು' ಎನ್ನಲಿಲ್ಲ. ಯಾರು ಕೇಳಿದರೂ "ಸುಗುಣಮ್ಮೋರ ಮಗ್ಳು. ನಾನು ಸಾಕ್ದೋಳು" ಎನ್ನುವಳು. ಬೀಗರ ಮುಂದೆಯೂ ಹಾಗೇ ಅನ್ನುವಳು, "ಅವಳು ತಮಾಷೆ ಮಾಡ್ತಾಳೆ, ನಮ್ಮ ಮಗಳೇ" ಎಂದು ತಿದ್ದುವುದರಲ್ಲಿ ನನಗೆ ಸಾಕುಸಾಕಾಗುತ್ತಿತ್ತು.

ಆಟೋ ಬಂತು. ಕಣ್ಣಿನ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದ ಹುಡುಗಿಯೊಬ್ಬಳು ನನ್ನ ಕಣ್ಣಿಗೆ ಔಷಧಿ ಬಿಟ್ಟು ಕೂರಿಸಿದಳು. ಎಲ್ಲ ಮಸುಕಾಯಿತು. ಪಕ್ಕದಲ್ಲಿದ್ದ ವಿಮಲಳ ನರೆತ ತಲೆಯೂ ಕಾಣಲಿಲ್ಲ.

"ಜೊತೇಲಿ ಬಂದಿರೋರು ಮಗಳಾ ತಾತಾ?" ಎಂದು ಹುಡುಗಿ ಕೇಳಿದಳು.

ಹೌದೆನ್ನಲು ಬಾಯಿ ತೆರೆದೆ. ತಿದ್ದುವುದಕ್ಕೆ ಈಗ ಯಾರ ಮಾತೂ ಇರಲಿಲ್ಲ. ಚನ್ನಾಜಿ ಇಲ್ಲ. ಸುಗುಣಮ್ಮನವರೂ ಇರಲಾರರು. ನಾನೂ ಹೇಳದಿದ್ದರೆ ಇನ್ನು ಹೇಳುವವರು ಯಾರು?

"ಸುಗುಣಮ್ಮೋರ ಮಗಳು ಕಣಮ್ಮಾ" ಎಂದೆ. "ನಾವು ಸಾಕ್ದೋಳು."

ಹುಡುಗಿಗೆ ಏನು ಅರ್ಥವಾಯಿತೋ, ಹೊರಟುಹೋದಳು. ವಿಮಲ ನನ್ನ ಕೈ ಹಿಡಿದುಕೊಂಡಳು.

"ಅಮ್ಮ ಹೋದ್ಮೇಲೆ ಈ ಮಾತು ಯಾರೂ ಅಂದಿರ್ಲಿಲ್ಲ. ಇನ್ನೊಂದ್ಸಲ ಹೇಳಪ್ಪಾ" ಎಂದಳು.