ಕಂಡೆಮ್ಡ್ ಎಂದರೆ

ಸರೋಜಕ್ಕಾ, ಒಂದು ಇಂಗ್ಲಿಷ್ ಶಬ್ದದ ಎರಡು ಅರ್ಥಗಳಲ್ಲಿ ನಿಮ್ಮ ಜೀವಕ್ಕೆ ಬೇಕಾಗಿದ್ದ ಅರ್ಥವನ್ನು ನಾನು ಬಚ್ಚಿಟ್ಟೆ. ಗೊತ್ತಿಲ್ಲದೆ ಅಲ್ಲ—ಗೊತ್ತಿದ್ದೇ.

ಮೂರು ವರ್ಷದ ಹಿಂದೆ, ಡೊಂಬಿವಲಿಯ ನಮ್ಮ ಕಟ್ಟಡವನ್ನು ಪರೀಕ್ಷಿಸಿದ ಇಂಜಿನಿಯರ್ ಕೊಟ್ಟ ವರದಿ, ನಿವಾಸಿಗಳ ಸೊಸೈಟಿಯ ಸೆಕ್ರೆಟರಿಯಾಗಿದ್ದ ನನ್ನ ಕೈಗೆ ಬಂತು. ಪಕ್ಕದ ಮನೆಯಿಂದ ಮೊಸರಿಗೆ ಹೆಪ್ಪು ಕೇಳಲು ಬಂದ ನೀವು ಮೇಜಿನ ಮೇಲಿದ್ದ ಅದರತ್ತ ಬಗ್ಗಿ, ದಪ್ಪಕ್ಷರದ ಒಂದು ಶಬ್ದದ ಮೇಲೆ ಬೆರಳಿಟ್ಟಿರಿ.

“ಮಾಷ್ಟ್ರೇ, ಈ ಕಂಡೆಮ್ಡ್ ಅಂದ್ರೆ ಎಂತ? ಹೆದರುವಂಥದ್ದು ಏನಾದ್ರೂ ಉಂಟಾ?”

“ಏನಿಲ್ರಿ ಅಕ್ಕಾರ. ಖಂಡನೆ ಅಂತ ಅರ್ಥ. ಕಟ್ಟಡದ ಕಾಳಜಿ ಮಾಡಿಲ್ಲ ಅಂತ ನಮಗ ಬೈದಾರ, ಅಷ್ಟ.”

ಇಂಗ್ಲಿಷ್ ಕಲಿಸುವವನ ಮಾತು—ನೀವು ನಂಬಿದಿರಿ. ನಕ್ಕಿರಿ ಕೂಡ. ಆ ಶಬ್ದದ ಬೇರು ಲ್ಯಾಟಿನ್ನಿನದು, ಅಲ್ಲಿ ಅದಕ್ಕೆ ಹಾನಿ ಎಂದರ್ಥ ಎಂದು ತರಗತಿಯಲ್ಲಿ ಎಷ್ಟು ಸಲ ಜಂಬದಿಂದ ಹೇಳಿದ್ದೇನೋ! ಮನುಷ್ಯನಿಗೆ ಹೇಳಿದರೆ ಖಂಡನೆ. ಕಟ್ಟಡಕ್ಕೆ ಹೇಳಿದರೆ—ವಾಸಕ್ಕೆ ಯೋಗ್ಯವಲ್ಲ, ಖಾಲಿ ಮಾಡಿ. ಮಗಳ ಹನ್ನೆರಡನೆಯ ತರಗತಿಯ ಪರೀಕ್ಷೆ ಹತ್ತಿರವಿತ್ತು. ಆಗ ಮನೆ ಬಿಡುವುದು ನನಗೆ ಬೇಡವಾಗಿತ್ತು. ಉಳಿದ ಮನೆಗಳವರಿಗೆ ಸಣ್ಣ ರಿಪೇರಿ ಸಾಕಂತೆ ಎಂದೆ. ವರದಿ ಬೀರು ಸೇರಿತು.

ಪರೀಕ್ಷೆ ಮುಗಿದ ವಾರವೇ ನಾವು ಘೋಡಬಂದರ್ ರಸ್ತೆಯ ಹೊಸ ಮನೆಗೆ ಬಂದೆವು. ನೀವು ಪಾತ್ರೆಪಗಡ ಕಟ್ಟಿಕೊಟ್ಟಿರಿ, ದಾರಿಗೆ ನೀರುದೋಸೆಯನ್ನೂ. ಆಗಲಾದರೂ—ಇಲ್ಲ, ಹೇಳಲಿಲ್ಲ. ಸುಳ್ಳು ಬಯಲಾಗುತ್ತದೆಂಬ ಹೆದರಿಕೆ. ಅಂದಿನಿಂದ ಫೋನಿನಲ್ಲಿ ನಿಮ್ಮ ಹೆಸರು ಮೂಡಿದಾಗಲೆಲ್ಲ ಎತ್ತಲು ಹೆದರುತ್ತೇನೆ. ಮಾತಾಡುವವರು ನೀವೋ, ಅವಶೇಷದಡಿಯಿಂದ ನಿಮ್ಮ ಫೋನು ಹೆಕ್ಕಿದ ಬೇರೆ ಯಾರೋ...

ನಿನ್ನೆ ನೀವೇ ಮಾತಾಡಿದಿರಿ. “ಅಡುಗೆಮನೆಯ ಮೇಲಿಂದ ಇಷ್ಟು ದೊಡ್ಡ ಸಿಮೆಂಟು ತುಂಡು ಬಿತ್ತು ಮಾರಾಯ್ರೇ. ಮೊಮ್ಮಗಳು ಆಗಷ್ಟೇ ಆಚೆ ಹೋಗಿದ್ಳು. ಆದ್ರೂ ನೀವು ಹೇಳಿದ್ರಲ್ಲ, ಹೆದರುವಂಥದ್ದು ಎಂತ ಇಲ್ಲ ಅಂತ.”

ನಾನು ಹೂಂ ಎಂದೆ. ಹೂಂ ಎಂದೆ, ಸರೋಜಕ್ಕಾ!

ಇವತ್ತು ವರದಿಯನ್ನೂ ಈ ಕಾಗದವನ್ನೂ ಹಿಡಿದು ಬರುತ್ತಿದ್ದೇನೆ. ಎದುರು ನಿಂತರೆ ನಾಲಗೆ ಏಳುವುದಿಲ್ಲವೆಂದೇ ಬರೆದದ್ದು. ಮೊದಲು ನಿಮ್ಮ ಬಾಗಿಲು, ಆಮೇಲೆ ಪ್ರತಿ ಮನೆಯ ಬಾಗಿಲು, ಅಲ್ಲಿಂದ ಪಾಲಿಕೆಯ ಕಚೇರಿ. ನಿಮ್ಮ ಕಟ್ಟಡದ ಮೆಟ್ಟಿಲು ಹತ್ತಲು ನನಗೆ ಹೆದರಿಕೆ. ನಾನು ನಿಮ್ಮನ್ನು ಮೂರು ವರ್ಷ ಮಲಗಿಸಿದ ಆ ಚಾವಣಿಯ ಕೆಳಗೆ ಒಂದು ಗಳಿಗೆ ನಿಲ್ಲಲೂ ಹೆದರಿಕೆ. ನನ್ನನ್ನು ಕ್ಷಮಿಸಬೇಡಿ. ಮೊಮ್ಮಗಳ ಕೈ ಹಿಡಿದು ಹೊರಡಿ. ನೀವು ಹೊರಡುವವರೆಗೆ ನಾನು ಆ ಚಾವಣಿಯಡಿಯಲ್ಲೇ ಕೂತಿರುತ್ತೇನೆ.