ಆರಿಸಲು ಬಿಡದ ಒಲೆ

ಹ್ಯಾಂಡ್‌ಪೋಸ್ಟ್ ಎಂಬ ನಮ್ಮ ಊರಿನಲ್ಲಿ ಪಕ್ಕದ ಮನೆಯಾಕೆ, ಯಾರು ಏನು ಸುದ್ದಿ ತಂದರೂ ಸೆರಗಿಗೆ ಕೈ ಒರೆಸಿಕೊಂಡು, "ನೀನೇ ಕಂಡ್ಯಾ, ಯಾರಾದ್ರೂ ಯೋಳುದ್ರಾ?" ಎನ್ನುತ್ತಿದ್ದರು. ಮನೆಮನೆಗೆ ಟಿವಿ, ಜೇಬುಜೇಬಿಗೆ ಮೊಬೈಲು ಬಂದ ಕಾಲ. ನಮಗೆಲ್ಲ ಅದು ನಗೆಯ ಮಾತಾಗಿತ್ತು.

ಒಂದು ಮಧ್ಯಾಹ್ನ ಕೇರಿಯ ಮೂವರಿಗೆ ಫೋನು ಬಂತು. ಪಕ್ಕದ ಮನೆಯಾಕೆಯ ಗಂಡ ಓಡಿಸುತ್ತಿದ್ದ ಲಾರಿ ಕೇರಳದ ಘಾಟಿನಲ್ಲಿ ಉರುಳಿತು, ಗಂಡ ಇಲ್ಲ ಎಂದು. ಸಾವಿನ ಮನೆಯಲ್ಲಿ ಒಲೆ ಉರಿಯಬಾರದಲ್ಲ, ಆಕೆಯ ನಾದಿನಿ ಎದೆ ಬಡಿದುಕೊಳ್ಳುತ್ತಾ ಅದಕ್ಕೆ ನೀರು ಹಾಕಲು ಹೋದರು.

"ಒಲೆ ಮುಟ್ಬೇಡ ಕಣವ್ವ," ಎಂದು ತಡೆದು ಆಕೆ ಫೋನು ಬಂದಿದ್ದ ಆ ಮೂವರನ್ನೂ ಕೂರಿಸಿ ವಿಚಾರಿಸಿದರು. ಮೂವರಿಗೂ ಹೇಳಿದವನು ಘಾಟಿನ ಒಬ್ಬನೇ ಟೀ ಅಂಗಡಿಯವನು. ಅವನೂ ಕಣ್ಣಿಂದ ಕಂಡಿರಲಿಲ್ಲ. ಗಂಡನ ಮೊಬೈಲಿಗೆ ಎಷ್ಟು ಸಲ ಮಾಡಿದರೂ ಹತ್ತಲಿಲ್ಲ.

"ಮೂರು ಬಾಯಲ್ಲ, ಒಂದೇ ಬಾಯಿ ಕಣ್ರವ್ವಾ," ಎಂದು ಮುದ್ದೆಗೆ ಎಸರಿಟ್ಟರು.

"ನಿನ್ನೆದೆ ಕಲ್ಲೇನತ್ಗೆ?"

"ಕಲ್ಲಲ್ಲ ಕಣವ್ವ. ಕಣ್ಣಾರೆ ಕಂಡೋರು ಬಂದು ಯೋಳ್ಲಿ, ಆಗ ನಾನೇ ಆರಿಸ್ತೀನಿ."

ಸಂಜೆ ಮತ್ತೊಂದು ಫೋನು: ಉರುಳಿದ್ದು ಬೇರೆ ಲಾರಿಯಂತೆ, ಆಕೆಯ ಗಂಡ ಬರುತ್ತಿದ್ದಾರಂತೆ. ನಾವೆಲ್ಲ ಕೈಮುಗಿದು ಅತ್ತೆವು. "ಇದೂ ಫೋನೇ ಅಲ್ವಾ? ಬರ್ಲಿ ಬುಡಿ," ಎಂದು ಆಕೆ ಬಾಗಿಲಲ್ಲಿ ನಿಂತರು. ಜೀವಕ್ಕೆ ಬೇಕಾದ ಸುದ್ದಿಯನ್ನೂ ಹಾಗೆ ಹೊಸ್ತಿಲಾಚೆ ನಿಲ್ಲಿಸಿದವರನ್ನು ನಾನು ಮತ್ತೆ ಕಂಡಿಲ್ಲ.

ಗಂಡ ಬಂದು ಚಪ್ಪಲಿ ಬಿಟ್ಟರು. ಆಕೆ ಅವರ ತೋಳು ಮುಟ್ಟಿ ನೋಡಿ, ಆಮೇಲೆ ಗೋಳೋ ಎಂದು ಅತ್ತರು.