ಹಳೇ ವಿಳಾಸ

ತೆಲಂಗಾಣ ಗಡಿಯ ಮಕ್ತಲ್ ಬಸ್ ಸ್ಟ್ಯಾಂಡಿನ ಎದುರು ನನ್ನದೊಂದು ಆನ್‌ಲೈನ್ ಅರ್ಜಿ ತುಂಬುವ ಅಂಗಡಿ. ಎಲ್ಲರ ಅಂಗಡಿಯಲ್ಲಿ ವಿಂಡೋಸ್ ಇದ್ದರೆ ನನ್ನ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್. ಅದರ ಗರ್ವ ನನ್ನ ತಲೆಗೇರಿತ್ತು.

ಆ ಹೆಂಗಸು ಮಾಗನೂರಿನ ಕಡೆಯವಳು. ಕುರುಬರ ಮನೆಯವಳು, ಗಂಡ ತೀರಿಹೋಗಿದ್ದ, ವಯಸ್ಸಿನಲ್ಲಿ ನನಗಿಂತ ದೊಡ್ಡವಳು. ಹತ್ತನೇ ತರಗತಿ ಪಾಸಾಗಿದ್ದಳು. ಅವಳ ಊರಿನಲ್ಲೇ ಅಂಗನವಾಡಿ ಆಯಾ ಕೆಲಸ ಖಾಲಿಯಿತ್ತು, ಅರ್ಜಿ ಹಾಕಲು ಬಂದಿದ್ದಳು. ನಾನು ಸೈಟ್ ತೆರೆದೆ. 'ಅರ್ಜಿ ಸ್ವೀಕಾರ ಶೀಘ್ರದಲ್ಲೇ ಆರಂಭ' ಎಂದಿತ್ತು.

"ಇನ್ನೂ ಚಾಲೂ ಆಗಿಲ್ಲ, ನಾಳೆ ಬಾ" ಅಂದೆ.

ಮರುದಿನವೂ ಅದೇ ಪುಟ. ಅವಳು ಫೋನ್ ಮುಂದೆ ಹಿಡಿದಳು. "ನನ್ನ ತಮ್ಮ ಫೋಟೋ ಕಳ್ಸ್ಯಾನ್ರಿ. ಅವನ ಫೋನಿನ್ಯಾಗ ಓಪನ್ ಐತಂತ್ರಿ."

ಬೆಂಚಿನ ಮೇಲೆ ಇನ್ನೂ ನಾಲ್ಕು ಜನ ಕೂತಿದ್ದರು. ಅವರಿಗೆ ಕೇಳಲಿ ಎಂದೇ ದನಿ ಎತ್ತಿದೆ. "ಕುರಿ ಕಾಯೋರೆಲ್ಲಾ ನನಗ ಕಂಪ್ಯೂಟರ್ ಕಲಿಸಾಕ ಬರ್ತಾರ ನೋಡ್ರಿ!"

ಅವರು ನಕ್ಕರು. ಅವಳೂ ತುಸು ನಕ್ಕಳು. ಅವಳು ಹಾಗೆ ನಕ್ಕದ್ದು ನನಗೆ ಆಗ ಖುಷಿಯನ್ನೇ ಕೊಟ್ಟಿತು.

ಮೂರನೆಯ ದಿನ ಅವಳು ಬೆಳಿಗ್ಗೆಯೇ ಬಂದು ಬೆಂಚಿನ ತುದಿಯಲ್ಲಿ ಕೂತಳು. ನಾನು ಬ್ರೌಸರ್ ಹಿಸ್ಟರಿ ಅಳಿಸಿದೆ, ವೈಫೈ ಬಂದ್ ಮಾಡಿ ಹಚ್ಚಿದೆ. ಅದೇ ಪುಟ. "ಒಮ್ಮೆ ಫೋನಿನ್ಯಾಗ ನೋಡ್ರಿ ಅಣ್ಣಾ" ಎಂದು ಎರಡು ಸಲ ಬೇಡಿಕೊಂಡಳು. "ಬಾಯಿ ಮುಚ್ಚಿ ಕೂಡು" ಅಂದೆ.

ಸಂಜೆ ಆರರ ಹೊತ್ತಿಗೆ ಅವಳೊಬ್ಬಳನ್ನು ಬಿಟ್ಟು ಅಂಗಡಿ ಖಾಲಿಯಾಯಿತು. ನೋಡಿ ನಗುವವರು ಯಾರೂ ಇರಲಿಲ್ಲ. ಆಗ ನನ್ನ ಫೋನಿನಲ್ಲಿ ನೋಡಿದೆ. ಸೈಟಿನ ಮುಖಪುಟವೇ ಬೇರೆ ಇತ್ತು. ಲ್ಯಾಪ್‌ಟಾಪಿನಲ್ಲಿ ಕಮಾಂಡ್ ಹೊಡೆದು ಸೈಟಿನ ಐಪಿ ವಿಳಾಸ, ಅಂದರೆ ಅದು ಯಾವ ಸರ್ವರಿನಲ್ಲಿದೆ ಎಂದು ಹೇಳುವ ಅಂಕಿ, ಕೇಳಿದೆ. ಅದು ಹೇಳಿದ ಅಂಕಿಯೇ ಒಂದು, ಫೋನು ಹೇಳಿದ್ದೇ ಇನ್ನೊಂದು.

ಆಗ ಹೊಳೆಯಿತು. ನಮ್ಮಲ್ಲಿ ನೆಟ್ ನಿಧಾನವೆಂದು, ಒಮ್ಮೆ ಕೇಳಿದ ವಿಳಾಸಗಳನ್ನು ದಿನಗಟ್ಟಲೆ ನೆನಪಿಟ್ಟುಕೊಳ್ಳುವ ಪ್ರೋಗ್ರಾಂ ಒಂದನ್ನು ನಾನೇ ಹಾಕಿದ್ದೆ. ಅಷ್ಟರಲ್ಲಿ ಸೈಟನ್ನು ಹೊಸ ಸರ್ವರಿಗೆ ಒಯ್ದಿದ್ದರು. ನನ್ನ ಲ್ಯಾಪ್‌ಟಾಪು ಮಾತ್ರ ಹಳೇ ಸರ್ವರಿನ ಹಳೇ ಪುಟವನ್ನೇ ತಂದು ತೋರಿಸುತ್ತಿತ್ತು. ಆ ನೆನಪನ್ನು ಅಳಿಸುವುದು ಒಂದು ಸಾಲಿನ ಕೆಲಸ. ಅಳಿಸಿದೆ. ಹೊಸ ಪುಟ ಥಟ್ಟನೆ ಬಂತು: ಗಡುವು ಇಂದು ಸಂಜೆ ಐದಕ್ಕೆ ಮುಗಿದಿದೆ.

"ಬಂತೇನ್ರಿ?" ಅವಳು ಎದ್ದು ಬಂದಳು.

ನಾನು ಪರದೆಯನ್ನು ಅರ್ಧ ಮುಚ್ಚಿದೆ. "ಟೈಮ್ ಮುಗೀತು. ಮೊದಲೇ ಬರಬೇಕಿತ್ತು."

"ಮೂರು ದಿನದಿಂದ ಬರಾಕ ಹತ್ತೀನಲ್ರಿ."

"ಸರ್ವರ್ ಕೆಟ್ಟಿತ್ತು. ಅದಕ್ಕ ನಾ ಏನು ಮಾಡ್ಲಿ?"

ಅವಳು ಕಾಗದಗಳನ್ನು ಒಂದೊಂದಾಗಿ ಚೀಲದಲ್ಲಿಟ್ಟುಕೊಂಡಳು. ಹೊರಡುವಾಗ, "ನಿಮಗ ಭಾಳ ತ್ರಾಸ ಕೊಟ್ಟೆ" ಅಂದಳು.

ಕೆಲವು ತಿಂಗಳ ನಂತರ ಗದ್ವಾಲ್ ಬಸ್ ಸ್ಟ್ಯಾಂಡಿನಲ್ಲಿ ಅವಳನ್ನು ಕಂಡೆ. ದುಡಿಯಲು ಊರು ಬಿಟ್ಟು ಹೊರಟವರ ಗುಂಪಿನಲ್ಲಿದ್ದಳು, ತಲೆಯ ಮೇಲೆ ಗಂಟು. ತಡೆಯಲಾಗದೆ ಹತ್ತಿರ ಹೋದೆ.

"ಅಕ್ಕಾ, ಅವತ್ತು ಸರ್ವರ್ ಕೆಟ್ಟಿರಲಿಲ್ಲ. ತಪ್ಪು ನನ್ನ ಲ್ಯಾಪ್‌ಟಾಪಿಂದು. ನಂದೇ."

"ಗೊತ್ತೈತ್ರಿ" ಅಂದಳು. "ನೀವು ಪರದೆ ಅರ್ಧ ಮುಚ್ಚಿದಾಗಲೇ ಗೊತ್ತಾತು. ಹೇಳ್ತೀರೇನೋ ಅಂತ ಕಾಗದ ಸಾವಕಾಶ ತುಂಬಿದೆ."

ಅವಳು ತಲೆಯ ಮೇಲಿನ ಗಂಟನ್ನು ಸರಿಪಡಿಸಿಕೊಂಡಳು.

"ಈಗ ಯಾಕ ಬಂದ್ರಿ? ನಿಮ್ಮ ಭಾರ ಇಳಿಸಾಕೇನ್ರಿ? ನನ್ನ ತಲಿ ಮ್ಯಾಲ ಮೊದಲೇ ಗಂಟೈತಿ. ನಿಮ್ಮದು ನೀವೇ ಹೊರ್ರಿ."

ಬಸ್ಸು ಬಂತು. ಅವಳು ಹತ್ತಿದಳು, ಕಿಟಕಿಯ ಪಕ್ಕ ಜಾಗ ಸಿಕ್ಕರೂ ನನ್ನತ್ತ ನೋಡಲಿಲ್ಲ.

ವಿಳಾಸ ನೆನಪಿಡುವ ಆ ಪ್ರೋಗ್ರಾಮನ್ನು ಅಂದೇ ಅಂಗಡಿಗೆ ಮರಳಿ ಕಿತ್ತುಹಾಕಿದೆ. ನಾನು ಬದಲಾದೆ ಎಂದು ಬರೆಯುವ ಆಸೆಯಿದೆ. ಆದರೆ ಇವತ್ತಿಗೂ ಯಾರಾದರೂ "ನನ್ನ ಫೋನಿನ್ಯಾಗ ಓಪನ್ ಆಗೈತ್ರಿ" ಅಂದರೆ ನನ್ನೊಳಗೆ ಮೊದಲು ಏಳುವುದು ಸಿಟ್ಟೇ. ಅದನ್ನು ನುಂಗಿಕೊಂಡು ಅವರ ಫೋನಿಗೆ ಕೈ ಚಾಚುತ್ತೇನೆ.